ಸಹಿ ಹಾಕದವನು

"ನಾನು ಸಹಿ ಹಾಕಲ್ಲ."

ಇಷ್ಟೇ ಅಂದು ಆಪರೇಟರ್ ಪೆನ್ನನ್ನು ಅವಳ ಕೈಗೇ ವಾಪಸು ಕೊಟ್ಟ.

ಅವಳ ಮೈಯೆಲ್ಲ ಉರಿದುಹೋಯಿತು. ಬಣ್ಣದ ಕಾರ್ಖಾನೆಯ ಕೊಳಚೆ ನದಿಗೆ ಬೀಳುವ ಕೊಳವೆಯ ಬಾಯಲ್ಲಿ, ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ಬಾಟಲಿ ತುಂಬಿಸಿದ್ದಳು ಆ ಪ್ರಯೋಗಾಲಯದ ಹುಡುಗಿ. ಬಾಟಲಿಯ ಚೀಟಿಯ ಮೇಲೆ ಆ ಪಾಳಿಯ ಆಪರೇಟರ್ ಸಹಿ ಇಲ್ಲದಿದ್ದರೆ ನ್ಯಾಯಾಲಯ ಅದನ್ನು ಮೂಸಿಯೂ ನೋಡುವುದಿಲ್ಲ. ವಿಚಾರಣೆಗೆ ಉಳಿದಿದ್ದು ಹದಿನೈದೇ ದಿನ. ಅಷ್ಟರೊಳಗೆ ಪುರಾವೆ ಸಿಗದಿದ್ದರೆ ಕಾರ್ಖಾನೆಯ ಮೇಲಿನ ಮೊಕದ್ದಮೆಯೇ ಬಿದ್ದುಹೋಗುತ್ತಿತ್ತು.

"ಹಾಕಯ್ಯಾ ಸಹಿ. ನಾವೇನು ಕದ್ದು ಮುಚ್ಚಿ ಮಾಡ್ತಿದೀವಾ?" ಪಕ್ಕದಲ್ಲಿದ್ದ ಮ್ಯಾನೇಜರ್ ಗದರಿದ.

ಆಪರೇಟರ್ ಜಗ್ಗಲಿಲ್ಲ.

ಇಬ್ಬರೂ ಸೇರಿ ಎಂಥಾ ನಾಟಕ ಆಡ್ತಿದ್ದಾರೆ... ಅಂದುಕೊಂಡಳು ಅವಳು.

"ಈ ಕೊಳವೆಯ ಕೆಳಗಡೆ ಮನುಷ್ಯರು ಬದುಕ್ತಾರೆ ಅನ್ನೋದು ಗೊತ್ತಾ ನಿಮಗೆ?"

ಅವನು ತಲೆಯೆತ್ತಿದ. ಮ್ಯಾನೇಜರ್ ಕಡೆ ನೋಡಿ ಮತ್ತೆ ತಗ್ಗಿಸಿದ. ಅವಳು ಬಾಟಲಿಯನ್ನು ಐಸ್ ಪೆಟ್ಟಿಗೆಗೆ ತುರುಕಿ ಹೊರಟುಬಿಟ್ಟಳು.

ಮನೆಯಲ್ಲಿ ಅಕ್ಕ ಕಿಟಕಿಯ ಪಕ್ಕ ಮಲಗಿದ್ದಳು. ಮೊದಲು ನದಿ ದಂಡೆಯ ಮನೆಯಲ್ಲಿದ್ದು, ಅಲ್ಲಿನ ಬಾವಿ ನೀರು ಕುಡಿದು ಅವಳ ಎರಡೂ ಮೂತ್ರಪಿಂಡ ಹಾಳಾಗಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮೈ ಅರ್ಧ ಆಗಿತ್ತು, ನಾಲಿಗೆ ಮಾತ್ರ ಹಾಗೇ ಇತ್ತು.

"ಆ ಆಪರೇಟರ್‌ಗೆ ಬಂದಾಗಿನಿಂದ ನಾಲ್ಕನೇ ಸಲ ಬೈತಿದೀಯ ಪುಟ್ಟಿ. ಬರೀ ಸಿಟ್ಟೇನಾ?"

"ಅಕ್ಕಾ, ಸುಮ್ನಿರು."

ಸಹಿ ಇಲ್ಲದ ನೀರನ್ನು ಯಾರೂ ಪರೀಕ್ಷಿಸುವುದಿಲ್ಲ. ಆದರೆ ಅವಳಿಗೆ ಹಟ. ಮಾರನೇ ದಿನ ಪರೀಕ್ಷೆಗೆ ಇಟ್ಟಳು. ಬಣ್ಣ ಕಾಣದಿದ್ದರೂ ವಿಷ ಇದ್ದೇ ಇರುತ್ತದೆ ಅಂದುಕೊಂಡಿದ್ದವಳು ಫಲಿತಾಂಶವನ್ನು ಎರಡೆರಡು ಸಲ ನೋಡಿದಳು. ನೀರು ಪ್ರಯೋಗಾಲಯದ ನಲ್ಲಿ ನೀರಿಗಿಂತ ಸ್ವಚ್ಛವಾಗಿತ್ತು.

ಅವನು ಸಹಿ ಹಾಕಿದ್ದರೆ? ಕಾರ್ಖಾನೆ ತಪ್ಪು ಮಾಡಿಲ್ಲ ಎಂಬ ಪುರಾವೆಯನ್ನು ಅವಳೇ ಕೈಯಾರೆ ನ್ಯಾಯಾಲಯಕ್ಕೆ ಕೊಟ್ಟಂತಾಗುತ್ತಿತ್ತು. ಅವನು ಉಳಿಸಿದ್ದು ಕಾರ್ಖಾನೆಯನ್ನಲ್ಲ...

ಪಾಳಿ ಮುಗಿಯುವ ಹೊತ್ತಿಗೆ ಅವಳು ಬಸ್ ನಿಲ್ದಾಣದಲ್ಲಿ ಕಾದಿದ್ದಳು.

"ಹೇಳಬಹುದಿತ್ತಲ್ಲ?"

"ಮ್ಯಾನೇಜರ್ ಮಗ್ಗುಲಲ್ಲೇ ಇದ್ರು. ನಿಮ್ಮ ಜೀಪು ಗೇಟಿಗೆ ಬಂದ್ರೆ ಸಾಕು, ಕೊಳಚೆ ನಿಲ್ಲಿಸಿ ಬೋರ್‌ವೆಲ್ ನೀರು ಬಿಡಿಸ್ತಾರೆ."

"ನಾನು ಏನೇನೋ ಅಂದುಬಿಟ್ಟೆ."

"ಅಂದಿದ್ದು ಸರಿಯಾಗೇ ಇತ್ತು. ಗುರುವಾರ ಎರಡು ಗಂಟೆಗೆ ಬನ್ನಿ. ಗೇಟಿಗೆ ಬೇಡ, ದಂಡೆ ಮೇಲೆ ನಡ್ಕೊಂಡು ಬನ್ನಿ."

"ನಿಮ್ಮ ಕೆಲಸ ಹೋಗುತ್ತೆ."

"ಹೋಗುತ್ತೆ," ಅಂದ ಅವನು, ಬಸ್ಸು ಬರುತ್ತೆ ಎಂಬಷ್ಟು ಸಲೀಸಾಗಿ.

ಗುರುವಾರ ಕೊಳವೆಯಿಂದ ಬೀಳುತ್ತಿದ್ದ ನೀರು ಕಡುನೀಲಿಯಾಗಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಅವಳ ಕಣ್ಣು ಉರಿಯುತ್ತಿತ್ತು. ಅವನು ಚೀಟಿಯನ್ನು ತೊಡೆಯ ಮೇಲಿಟ್ಟು ಸಹಿ ಹಾಕಿದ. ಸಂಜೆಗೆ ಅವನನ್ನು ಕೆಲಸದಿಂದ ತೆಗೆದುಹಾಕಿದರು.

ಆಮೇಲೆ, ಅಕ್ಕನ ಕಾಯಿಲೆಯ ವಿಷಯ ತಿಳಿದು, ಡಯಾಲಿಸಿಸ್ ದಿನಗಳಲ್ಲಿ ಅವನು ಅವರ ಮನೆಗೆ ತಪ್ಪದೆ ಬರತೊಡಗಿದ. ಅಕ್ಕನನ್ನು ಎರಡು ಮಹಡಿ ಹೊತ್ತು ಇಳಿಸುತ್ತಿದ್ದ.

"ನೋಡಪ್ಪಾ, ನನ್ನ ಹೊತ್ಕೊಂಡು ನನ್ನ ತಂಗಿ ಮುಖ ನೋಡ್ತಾ ಇಳೀಬೇಡ. ಇಬ್ಬರೂ ಬೀಳ್ತೀವಿ," ಅನ್ನುತ್ತಿದ್ದಳು ಅಕ್ಕ. ಪುಟ್ಟಿಯ ಕಿವಿ ಕೆಂಪಾಗುತ್ತಿತ್ತು. ಸಾವು ಕಾಲಬುಡದಲ್ಲಿ ಕೂತಿರುವ ಮನೆಯಲ್ಲಿ ತನಗೆ ಇಷ್ಟು ಖುಷಿಯೇ ಎಂದು ನಾಚಿಕೆಯೂ ಆಗುತ್ತಿತ್ತು.

ಒಂದು ದಿನ ಅಕ್ಕ ಮಾತಿನ ನಡುವೆ ತನ್ನ ಹಳೇ ಮನೆ ಎಲ್ಲಿತ್ತೆಂದು ಅವನಿಗೆ ಹೇಳಿದಳು. ಅಂದೇ ಕೊನೆ. ಅವನು ಮತ್ತೆ ಬರಲಿಲ್ಲ.

ನ್ಯಾಯಾಲಯ ಕಾರ್ಖಾನೆ ಮುಚ್ಚಿಸಿತು. ಆಗಲೂ ಬರಲಿಲ್ಲ. ಆದೇಶವಾದ ನಾಲ್ಕನೇ ದಿನ ಅಕ್ಕ ತೀರಿಕೊಂಡಳು. ಪುಟ್ಟಿ ಬಾಗಿಲು ನೋಡಿದಳು, ನೋಡುತ್ತಲೇ ಇದ್ದಳು.

ಕೊನೆಗೆ ಅವಳೇ ಅವನನ್ನು ಹುಡುಕಿ ಹೋದಳು. ಹೊಲಿಗೆ ಅಂಗಡಿಯ ಮೇಲಿನ ಒಂಟಿ ಕೋಣೆ. ಬಾಗಿಲಿಗೆ ಯಾರೋ ಡಾಂಬರು ಬಳಿದಿದ್ದರು. ಮುನ್ನೂರು ಜನರ ಅನ್ನ ಕಿತ್ತುಕೊಂಡವನು ಎಂದು ಊರೆಲ್ಲ ಅವನಿಗೆ ಶಾಪ ಹಾಕುತ್ತಿತ್ತು. ಅದೇ ಕಾರ್ಖಾನೆಯಲ್ಲಿದ್ದ ಸ್ವಂತ ಅಣ್ಣನೂ ಮಾತು ಬಿಟ್ಟಿದ್ದ.

"ಯಾಕೆ ಬರಲಿಲ್ಲ?"

ಅವನು ಗೋಡೆ ನೋಡುತ್ತಾ ಹೇಳಿದ. "ಆರು ವರ್ಷ ಆ ಕೊಳಚೆ ಬಿಡೋ ವಾಲ್ವ್ ತಿರುಗಿಸಿದ್ದು ನಾನು. ನಿಮ್ಮ ಅಕ್ಕನ ಬಾವಿ ಕೊಳವೆಯಿಂದ ನೂರು ಹೆಜ್ಜೆ. ಅಲ್ಲಿ ಬಟ್ಟೆ ಒಣಹಾಕಿರೋದು ದಿನಾ ಕಾಣಿಸ್ತಿತ್ತು ನನಗೆ. ಯಾವ ಮುಖ ಇಟ್ಕೊಂಡು ಬರಲಿ?"

"ಗೊತ್ತು. ಅಕ್ಕನಿಗೂ ಗೊತ್ತಾಗಿತ್ತು."

"ಏನಂದ್ರು?"

"'ಕ್ಷಮಿಸೋದು ಬಿಡೋದು ನಿನಗೆ ಸೇರಿದ್ದು, ನನ್ನ ಹೆಸರು ಹೇಳ್ಕೊಂಡು ಅವನನ್ನ ಕಳ್ಕೋಬೇಡ' ಅಂದಳು ನನಗೆ."

ಅವನು ಗೋಡೆಯಿಂದ ಅವಳತ್ತ ತಿರುಗಿದ. "ಕ್ಷಮಿಸಿದೀರಾ?"

"ಇಲ್ಲ."

ಅವನು ತಲೆ ತಗ್ಗಿಸಿದ. ಅವಳು ಹತ್ತಿರ ಬಂದು, ರಾಸಾಯನಿಕಕ್ಕೆ ಸುಲಿದುಹೋಗಿದ್ದ ಅವನ ಅಂಗೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡಳು.

"ಸಿಟ್ಟಿದೆ. ಬೆಳಿಗ್ಗೆ ಏಳ್ತಿದ್ದ ಹಾಗೇ ಇರುತ್ತೆ. ಆದ್ರೆ ನೀವಿಲ್ಲದ ಇಷ್ಟು ದಿನ... ಅದಕ್ಕಿಂತ ಸಿಟ್ಟೇ ವಾಸಿ. ನನಗೆ ನೀವು ಬೇಕು."

ಅವನು ಅಳತೊಡಗಿದ. ಅವಳು ತಡೆಯಲಿಲ್ಲ. ಅವಳಿಗೂ ಅಕ್ಕ ಹೋದ ಮೇಲೆ ಈಗಲೇ ಅಳು ಬಂದಿದ್ದು.

ಕಣ್ಣೊರೆಸಿಕೊಂಡು ಅವನೆಂದ. "ನದಿ ಸರಿಹೋಗೋಕೆ ಇಪ್ಪತ್ತು ವರ್ಷ ಬೇಕಂತೆ."

"ನಾನು ಸರಿಹೋಗೋಕೂ ಸುಮಾರು ದಿನ ಬೇಕು. ಇರ್ತೀಯಾ?"

"ಇರ್ತೀನಿ."

"ಬೈತೀನಿ ನಿನ್ನ. ಎಷ್ಟೋ ಸಲ ಬೈತೀನಿ."

"ಬೈ," ಅಂದ ಅವನು. "ಪಕ್ಕದಲ್ಲೇ ಕೂತ್ಕೊಂಡು ಬೈ."

ಅವಳು ಪಕ್ಕದಲ್ಲಿ ಕೂತಳು.