ಮಷೀನ್ ಯಾಕೋ ಏಳ್ತಿಲ್ಲ

ಅಂಬುಜಾ ತನ್ನ ಕೆಲಸವನ್ನು ತಾನೇ ಇಲ್ಲವಾಗಿಸಿಕೊಂಡ ದಿನ ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಹಾಫ್‌ಮನ್ ಎಸ್ಟೇಟ್ಸ್ ಎಂಬ ಅಮೆರಿಕನ್ ಉಪನಗರದ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್ನು ಮೇಲೆ ಯಾರೂ ಅಂಬುಜಾಗೆ ತೊಂದರೆ ಕೊಡಬೇಕಾಗಿಲ್ಲ ಎಂದು ಮ್ಯಾನೇಜರ್ ಬ್ರಯಾನ್ ಘೋಷಿಸಿದ. ಅವನು ಅದನ್ನು ಹೊಗಳಿಕೆಯೆಂದೇ ಹೇಳಿದ್ದ. ಅವಳೂ ನಕ್ಕಿದ್ದಳು.

ಡಿಟ್ರಾಯಿಟ್ ಸುತ್ತಲಿನ ಕಾರು ಕಾರ್ಖಾನೆಗಳಿಗೆ ಯಾವ ಬಿಡಿಭಾಗ ಎಲ್ಲಿಂದ ಎಷ್ಟು ಹೊತ್ತಿಗೆ ಹೊರಟಿದೆ ಎಂದು ತಿಳಿಸುವ ಕ್ಲೌಡ್ ಸಾಫ್ಟ್‌ವೇರ್ ಆ ಕಂಪನಿಯದು. ಹೊಸದಾಗಿ ಬರೆದದ್ದನ್ನು ಕ್ಲೌಡಿಗೆ ಏರಿಸುವ ಮೊದಲು ಪ್ರತಿಯೊಬ್ಬ ಎಂಜಿನಿಯರೂ ತನ್ನ ಪರೀಕ್ಷಾ ಮಷೀನಿನಲ್ಲಿ ಓಡಿಸಿ ನೋಡಬೇಕು. ಮಷೀನು ಎಂದರೆ ಕಬ್ಬಿಣದ್ದಲ್ಲ; ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಸಾಫ್ಟ್‌ವೇರಿನಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರು. ಮೊದಲೆಲ್ಲ ಅದನ್ನು ಕೈಯಾರೆ ಕಟ್ಟಬೇಕಿತ್ತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಸೋತವರು ಕೊನೆಗೆ ಬರುತ್ತಿದ್ದುದು ಅಂಬುಜಾಳ ಮೇಜಿಗೆ.

"ಮಷೀನ್ ಯಾಕೋ ಏಳ್ತಿಲ್ಲ. ಸ್ವಲ್ಪ ನೋಡ್ತೀರಾ?"

ಅವಳು ನೋಡುತ್ತಿದ್ದಳು. ಮಷೀನು ಏಳುವವರೆಗೆ ಇಬ್ಬರಿಗೂ ಬೇರೆ ಕೆಲಸವಿರುತ್ತಿರಲಿಲ್ಲ. ಕಾಯುತ್ತ ಕೂತವರು ಮಾತಾಡುತ್ತಿದ್ದರು: ನೇಪರ್‌ವಿಲ್‌ನಲ್ಲಿ ಮನೆ ನೋಡಿದ್ದು, ಅತ್ತೆಯ ಮಂಡಿನೋವು, ಸಾರಿನಪುಡಿಗೆ ಮೆಂತ್ಯ ಜಾಸ್ತಿಯಾದದ್ದು. ವಿಚ್ಛೇದನದ ನಂತರ ಒಂಟಿಯಾಗಿದ್ದ ಅವಳಿಗೆ, ತಾನು ಇಷ್ಟು ವರ್ಷ ಕೆಲಸವೆಂದು ಪ್ರೀತಿಸಿದ್ದು ಆ ಕಾಯುವಿಕೆಯನ್ನೇ ಎಂಬುದು ಕೇಕ್ ಕತ್ತರಿಸಿದ ಮೇಲಷ್ಟೇ ಗೊತ್ತಾಯಿತು.

ಈಗ ಅವಳೇ ಬರೆದುಕೊಟ್ಟ ಒಂದೇ ಆಜ್ಞೆ. ಕಾಫಿ ತರುವಷ್ಟರಲ್ಲಿ ಮಷೀನು ಸಿದ್ಧ. ಸಂಜೆ ತಾನಾಗಿಯೇ ಅಳಿದುಹೋಗುತ್ತದೆ, ಬೆಳಿಗ್ಗೆ ಕಲೆಯಿಲ್ಲದ ಹೊಸದೊಂದು ಹುಟ್ಟುತ್ತದೆ. ಅವಳ ಮೇಜಿನ ಪಕ್ಕ ಯಾರೂ ನಿಲ್ಲಲಿಲ್ಲ. ಶುಕ್ರವಾರ ಸಂಜೆ ಕಾರಿನ ಬಾಗಿಲು ಹಾಕಿಕೊಂಡರೆ ಸೋಮವಾರದ ಮೀಟಿಂಗಿನವರೆಗೆ ಅವಳ ಗಂಟಲಿಗೆ ಕೆಲಸವಿರುತ್ತಿರಲಿಲ್ಲ. ಮೀಟಿಂಗಿನಲ್ಲಿ ಮೊದಲ ಮಾತು ಆಡುವಾಗ ಸ್ವರ ಒಡೆಯುತ್ತಿತ್ತು, ಕೆಮ್ಮಿ ಮುಚ್ಚಿಕೊಳ್ಳುತ್ತಿದ್ದಳು.

ಒಂದು ದಿನ, ನಿಜವಾಗಿಯೇ, ಲತಾಶ್ರೀಯ ಮಷೀನು ಏಳಲಿಲ್ಲ. ಲತಾಶ್ರೀ ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಓಡಿಬಂದು ಪಕ್ಕದಲ್ಲಿ ಕೂತಳು. "ಅಕ್ಕ, ಎಷ್ಟು ಸಣ್ಣ ಆಗಿದೀರ! ಊಟ ಮಾಡ್ತೀರೋ, ಬರೀ ಕೋಡ್ ತಿಂತೀರೋ?" ಎಂದಳು. ಆ ಸಂಜೆ ಅಂಬುಜಾ ಬಹಳ ದಿನಗಳ ಮೇಲೆ ಈರುಳ್ಳಿ ಹುಳಿ ಮಾಡಿದಳು. ಸೌಟು ತಿರುಗಿಸುತ್ತಿರುವಾಗಲೇ ಉಪಾಯ ಪೂರ್ತಿಯಾಗಿ ಹೊಳೆಯಿತು.

ಅವಳು ಆತುರಪಡಲಿಲ್ಲ. ಮಷೀನು ಕಟ್ಟುವ ಸೂಚನೆಗಳನ್ನು ಮುಟ್ಟುವುದು ಮೂರ್ಖತನ. ಅವನ್ನು ಎಲ್ಲರೂ ಓದಬಹುದು, ಯಾರು ಯಾವಾಗ ತಿದ್ದಿದರೆಂದು ಅಲ್ಲೇ ದಾಖಲಾಗುತ್ತದೆ. ಆದರೆ ಎಲ್ಲ ಮಷೀನುಗಳೂ ನಕಲಾಗಿ ಹುಟ್ಟುವ ಮೂಲ ಡಿಸ್ಕನ್ನು ತಿಂಗಳಿಗೊಮ್ಮೆ ತಯಾರಿಸುತ್ತಿದ್ದವಳು ಅವಳೊಬ್ಬಳೇ. ಅದರೊಳಗೆ ಒಂದು ಸಣ್ಣ ಕಿವಿಯನ್ನು, ತನ್ನ ಆಜ್ಞೆಗೆ ಕಾಯುವ ಗುಟ್ಟಿನ ಕೋಡನ್ನು, ಇಟ್ಟಳು. ಬೆಳಿಗ್ಗೆ ಅವಳು ಒಂದು ಹೆಸರನ್ನು ಪಿಸುಗುಟ್ಟಿದರೆ ಆ ಹೆಸರಿನವರ ಮಷೀನು ಹುಟ್ಟುವಾಗಲೇ ಕಾಯಿಲೆ ಬೀಳುತ್ತಿತ್ತು. ಬಿದ್ದೊಡನೆ ಕಿವಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತಿತ್ತು. ಒಂದು ದಿನ ನೆಟ್‌ವರ್ಕ್ ಸಿಗದು, ಒಂದು ದಿನ ಗಡಿಯಾರ ತಪ್ಪು, ಒಂದು ದಿನ ಡಿಸ್ಕಿನಲ್ಲಿ ಜಾಗವಿಲ್ಲ. ಸಂಜೆ ಮಷೀನೇ ಅಳಿದುಹೋಗುವುದರಿಂದ ಹೆಣವೂ ಉಳಿಯುತ್ತಿರಲಿಲ್ಲ.

ಹೆಸರು ಆರಿಸುವಾಗ ಅವಳು ಇನ್ನೂ ಎಚ್ಚರ ವಹಿಸಿದಳು. ಗಂಡಸಾದ ಮೇಲೆ ಹೆಂಗಸು, ಹಿರಿಯರಾದ ಮೇಲೆ ಕಿರಿಯರು, ಈ ಟೀಮಾದ ಮೇಲೆ ಆ ಟೀಮು. ಡಿಟ್ರಾಯಿಟ್ ಕಡೆಯದೂ ಇರಲೆಂದು ನೋವೈಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಜೈಯನ್ನು ಸೇರಿಸಿದಳು. ಅವನು ಫೋನ್ ಮಾಡಿ ಅರ್ಧ ಗಂಟೆ ಹರಟುತ್ತಿದ್ದ. ಆಗಾಗ ಅವಳು ತನ್ನ ಮಷೀನನ್ನೇ ಕೆಡಿಸಿಕೊಂಡು ಎಲ್ಲರೆದುರು ಬೈದುಕೊಳ್ಳುತ್ತಿದ್ದಳು. ತನ್ನನ್ನು ಕರೆಯದೆ ತಾವೇ ಕೆದಕುತ್ತಾ ಕೂರುವ ಜಾತಿಯವರನ್ನು ಮಾತ್ರ ಬಿಟ್ಟಳು. ಅದು ವಿವೇಕವೆಂದೇ ಅವಳಿಗೆ ಅನಿಸಿತ್ತು.

ಮೇಜಿಗೆ ಜೀವ ಬಂತು.

"ಏನ್ರೀ ಅಂಬುಜಾ, ನಿಮ್ಮ ಮಗು ಮತ್ತೆ ಹಟ ಮಾಡ್ತಿದೆ," ಎನ್ನುತ್ತ ಶ್ರೀಧರ್ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಅವರು ಅವಳಿಗಿಂತ ಸ್ವಲ್ಪ ಹಿರಿಯರು, ಇನ್ನೊಂದು ಟೀಮಿನವರು.

"ನೀವು ಗದರಿಸ್ತೀರಿ. ಅದಕ್ಕೇ ಹೆದರ್ಕೊಂಡಿದೆ."

"ನಾನಾ? ಮನೇಲಿ ನಾನು ಬಾಯಿ ತೆಗೆದ್ರೆ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ ಕಣ್ರೀ. ಗದರಿಸೋ ಯೋಗ ಎಲ್ಲಿಂದ ಬರಬೇಕು?"

ಅವಳು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಸರಿಪಡಿಸಲು ಬೇಕಿದ್ದುದು ಎರಡು ನಿಮಿಷ. ಅವಳು ಅದನ್ನು ಹಿಗ್ಗಿಸುತ್ತಿದ್ದಳು.

ತೊಂದರೆ ಹುಟ್ಟಿದ್ದು ಪ್ರೀತಿಯಿಂದ. ಲತಾಶ್ರೀಯ ಹೆಸರು ನಾಲಿಗೆಗೆ ಬೇರೆಯವರದಕ್ಕಿಂತ ಬೇಗ ಬರುತ್ತಿತ್ತು. ಚಳಿಗಾಲ ಬಂದಾಗ ಅವಳ ಕೆಲಸ ಹಿಂದೆ ಬಿದ್ದಿತ್ತು, ಬ್ರಯಾನ್ ಅವಳನ್ನು ಕರೆದು, ಸುಧಾರಿಸದಿದ್ದರೆ ಇಟ್ಟುಕೊಳ್ಳುವುದು ಕಷ್ಟ ಎಂದಿದ್ದ.

"ನನ್ನ ಕೈಗುಣಾನೇ ಸರಿ ಇಲ್ಲ ಅನ್ಸುತ್ತೆ ಅಕ್ಕ," ಎಂದಳು ಲತಾಶ್ರೀ. ಆ ದಿನ ನಗಿಸಲಿಲ್ಲ. "ಮುಟ್ಟಿದ್ದೆಲ್ಲಾ ಕೆಡುತ್ತೆ. ಕೆಲಸ ಹೋದ್ರೆ ವೀಸಾನೂ ಹೋಗುತ್ತೆ. ನಮ್ಮನೆಯವರದ್ದೂ ನನ್ನ ವೀಸಾ ಮೇಲೇ ಇರೋದು. ಮನೇಲಿ ಇನ್ನೂ ಹೇಳಿಲ್ಲ."

"ಏನೂ ಆಗಲ್ಲ ಬಿಡೇ," ಎಂದು ಅಂಬುಜಾ ಅವಳ ಬೆನ್ನು ಸವರಿದಳು.

ಅಂದೇ ನಿಲ್ಲಿಸಬಹುದಿತ್ತು. ಅಂಬುಜಾ ಯೋಚಿಸಿದಳು. ಬ್ರಯಾನ್ ಆಗಲೇ ಕಾರಣ ಹುಡುಕಲು ಡಿಟ್ರಾಯಿಟ್ ಪಕ್ಕದ ಟ್ರಾಯ್ ಆಫೀಸಿನ ಮಿಹಿರ್‌ಗೆ ಹೇಳಿದ್ದ. ಹುಡುಕಾಟ ಶುರುವಾದೊಡನೆ ಕಾಯಿಲೆ ನಿಂತರೆ ಅದೇ ಸಾಕ್ಷಿ. ಲತಾಶ್ರೀಯೊಬ್ಬಳನ್ನು ಬಿಟ್ಟರೆ ಇನ್ನೂ ದೊಡ್ಡ ಸಾಕ್ಷಿ. ಆದ್ದರಿಂದ ಮರುದಿನ ಬೆಳಿಗ್ಗೆ ಕಾಫಿಯ ಕಪ್ಪನ್ನು ಕೆಳಗಿಟ್ಟು ಆ ಹುಡುಗಿಯ ಹೆಸರನ್ನೇ ಟೈಪ್ ಮಾಡಿದಳು.

ಮಿಹಿರ್ ಡಿಟ್ರಾಯಿಟ್ ಪಕ್ಕದಲ್ಲೇ ಹುಟ್ಟಿ ಬೆಳೆದ ಗುಜರಾತಿ ಹುಡುಗ. ಕಡಿಮೆ ಮಾತು. ವಾರಕ್ಕೆರಡು ಸಲ ವಿಡಿಯೋ ಕರೆಯಲ್ಲಿ ಸಿಗುತ್ತಿದ್ದ. ಇವಳ ಮೇಜಿನ ಬಳಿ ಯಾರಾದರೂ ಇದ್ದರೆ, ಅವರ ಮಾತು ಮುಗಿಯಲೆಂದು ಪರದೆಯ ಮೂಲೆಯಲ್ಲಿ ಸಭ್ಯವಾಗಿ ಕಾಯುತ್ತಿದ್ದ. ಅವನ ಎದುರೇ ಶ್ರೀಧರ್ ಕನ್ನಡದಲ್ಲಿ ಹೇಳಿದರು:

"ಈ ಹುಡುಗ ಬಿಡೋನಲ್ಲ ಕಣ್ರೀ. ಹಲ್ಲಿನ ಸಂದೀಲಿ ಸಿಕ್ಕಿದ್ದನ್ನ ನಾಲಿಗೇಲಿ ಹುಡುಕೋ ಹಾಗೆ ಹುಡುಕ್ತಾನೆ."

"ಹುಡುಕ್ಲಿ ಬಿಡಿ ಪಾಪ. ಇಲ್ಲಿಗೇ ಡ್ರೈವ್ ಮಾಡ್ಕೊಂಡು ಬರ್ತಾನಂತೆ. ಒಂದು ಮಸಾಲೆ ದೋಸೆ ತಿನ್ನಿಸಿ ವಾಪಸ್ ಕಳಿಸೋಣ."

ಮಿಹಿರ್ ಮುಗುಳ್ನಕ್ಕ. ನಗುವವರನ್ನು ಕಂಡು ನಗುವ ಮಕ್ಕಳ ಹಾಗೆ, ಎಂದುಕೊಂಡಳು ಅಂಬುಜಾ.

ಅವನು ಬರುವ ವೇಳೆಗೆ ತಿಂಗಳ ಹೊಸ ಡಿಸ್ಕಿನ ಸರದಿ ಬಂದಿತ್ತು. ಎಂದಿನ ದಿನವೇ, ಎಂದಿನಂತೆಯೇ ಅದನ್ನು ತಯಾರಿಸಿ, ಕಿವಿಯಿಲ್ಲದೆ ಬಿಟ್ಟಳು. ಹಳೆಯದನ್ನು ಅಳಿಸಿದಳು; ಅದೂ ವಾಡಿಕೆಯೇ. ದಾರಿಯುದ್ದಕ್ಕೂ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಬಂದ ಮಿಹಿರ್ ಒಂದು ಖಾಲಿ ಕೋಣೆಯಲ್ಲಿ ಕೂತು ಸೂಚನೆಗಳ ಪ್ರತಿ ಸಾಲನ್ನೂ ಓದಿದ, ಡಿಸ್ಕನ್ನು ಬಿಚ್ಚಿ ನೋಡಿದ, ನೂರಾರು ಮಷೀನುಗಳನ್ನು ಹುಟ್ಟಿಸಿ ಅಳಿಸಿದ. ಒಂದೂ ಕಾಯಿಲೆ ಬೀಳಲಿಲ್ಲ. ಅವಳು ಕಾಫಿ ಕೊಟ್ಟು ಬಂದಳು. ಬೇಕಾದ್ದಕ್ಕೆಲ್ಲ ಉತ್ತರ ಕೊಟ್ಟಳು. ತನ್ನ ವಿರುದ್ಧ ತಾನೇ ತನಿಖೆ ಮಾಡಿದ್ದರೂ ಇದಕ್ಕಿಂತ ಮುಂದೆ ಹೋಗಲಾಗುತ್ತಿರಲಿಲ್ಲ ಎಂಬ ತೃಪ್ತಿ ಅವಳಿಗಿತ್ತು.

ಹೊರಡುವ ದಿನ ಮಧ್ಯಾಹ್ನ ಮಿಹಿರ್ ಅವಳನ್ನು ಕೋಣೆಗೆ ಕರೆದ. ಬ್ರಯಾನ್ ತನ್ನ ವರದಿಗೆ ಕಾಯುತ್ತಿದ್ದಾನೆ, ಆದರೆ ಬರೆಯುವುದಕ್ಕೆ ಏನೂ ಇಲ್ಲ ಎಂದ. ಟೀಮು, ಮಹಡಿ, ವಾರದ ದಿನ, ಬರೆದ ಕೋಡು, ಯಾವುದೂ ತಾಳೆಯಾಗುತ್ತಿಲ್ಲ. ಕಾರಣ ತಿಳಿಯದು ಎಂದು ಬರೆದರೆ ಬ್ರಯಾನ್ ತಪ್ಪನ್ನು ಮನುಷ್ಯರ ತಲೆಗೆ ಕಟ್ಟುತ್ತಾನೆ; ಲತಾಶ್ರೀಯನ್ನು ಕಳಿಸಲು ಅವನಿಗೆ ಅಷ್ಟು ಸಾಕು. ಅವಳಿಗೇನಾದರೂ ಹೊಳೆಯುತ್ತದೆಯೇ ಎಂದು ಕೇಳಿದ.

ಗಾಜಿನಾಚೆ ಲತಾಶ್ರೀ ಬಗ್ಗಿ ಏನೋ ಟೈಪ್ ಮಾಡುತ್ತಿದ್ದಳು. ಅಂಬುಜಾ ಅತ್ತ ನೋಡಿದಳು. ಒಂದೇ ವಾಕ್ಯ ಸಾಕಿತ್ತು. ಆ ವಾಕ್ಯದ ಆಚೆ ತನ್ನ ಖಾಲಿ ಟೌನ್‌ಹೌಸ್, ಸೋಮವಾರವೂ ಇಲ್ಲದ ವಾರಗಳು ಕಾಣಿಸಿದವು.

"ಇಲ್ಲ," ಎಂದಳು. "ನಂಗೂ ಅರ್ಥ ಆಗ್ತಿಲ್ಲ."

ಮಿಹಿರ್ ತಲೆಯಾಡಿಸಿ ಲ್ಯಾಪ್‌ಟಾಪ್ ಮುಚ್ಚಿದ. ಅವಳು ಉತ್ತರಿಸಿದ್ದು ಯಾವ ಭಾಷೆಯಲ್ಲಿ ಎಂಬುದು ಅವಳ ಗಮನಕ್ಕೆ ಬಂದಿರಲಿಲ್ಲ; ಅವನ ಗಮನಕ್ಕೆ ಬಂದಿತ್ತು. ಇಷ್ಟು ದಿನ ಇಂಗ್ಲಿಷ್ ಬಿಟ್ಟು ಬೇರೆ ಆಡದವನು, ಹೆಸರು ಹಿಡಿದೇ ಕರೆಯುತ್ತಿದ್ದವನು, ತಡವರಿಸುತ್ತ, ಪದಗಳನ್ನು ಒಂದೊಂದಾಗಿ ಎತ್ತಿಡುತ್ತ ಹೇಳಿದ: "ಆಂಟಿ, ಕೆಟ್ಟಿದ್ದೆಲ್ಲಾ ನಿಮ್ಮ ಕೂಡ ಕನ್ನಡ ಮಾತಾಡೋರ ಮಷೀನೇ ಅದಾವ್ರಿ. ಮಷೀನಿಗೆ ಅದು ಹೆಂಗ ಗೊತ್ತಾಗ್ತದ? ಆತು, ಗೊತ್ತಾತು ಅನ್ರಿ. ಹಂಗಿದ್ರ ನಂದು ಯಾಕ ಒಮ್ಮೆನೂ ಕೆಡಲಿಲ್ಲ?" ಅವನ ಕೊರಳಿನ ಗುರುತಿನ ಚೀಟಿಯಲ್ಲಿ ಮಿಹಿರ್ ದೇಸಾಯಿ ಎಂದಿತ್ತು. ದೇಸಾಯಿ ಎಂದರೆ ಗುಜರಾತಿನವರೇ ಎಂದು ಮೈಸೂರಿನ ಅಂಬುಜಾ ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದಳು; ಆದರೆ ಧಾರವಾಡದಲ್ಲೂ ದೇಸಾಯರಿದ್ದಾರೆ. ಮಾತಿಗೆ ಅಷ್ಟು ಹಸಿದಿದ್ದವಳು, ನಿಮ್ಮದು ಯಾವ ಊರಪ್ಪ ಎಂದು ಆ ಹುಡುಗನನ್ನು ಒಂದು ಸಲವೂ ಕೇಳಿರಲಿಲ್ಲ.