ಎರಡು ಮೀಟರ್ ಹಿಂದೆ

"ಏಯ್! ಹಳಿ ಬಿಟ್ಟು ಏಳ್ರೀ... ಏಳ್ರೀ ಮೇಲೆ!"

ಕೂಗಿನ ಬೆನ್ನಿಗೇ ಬ್ರೇಕಿನ ಕಿರುಚು. ಸಿನಿಮಾದ ನಾಯಕಿಯ ಬೂಟು ಕಳಚಿ ಬಿದ್ದ ಜಾಗವನ್ನು ಹಳಿಗಳ ನಡುವೆ ಮಂಡಿಯೂರಿ ಅಳೆಯುತ್ತಿದ್ದ ನೆಲಿದಾ ತಲೆಯೆತ್ತಿದಳು. ರೈಲು ನಿಂತಿತ್ತು. ಚಾಲಕ ಇಳಿದು ಓಡಿ ಬಂದವನೇ ಅವಳ ತೋಳು ಹಿಡಿದು ಎಳೆದ.

"ಸಾಯೋಕೆ ಬೇರೆ ಜಾಗ ಸಿಗಲಿಲ್ವಾ ನಿಮಗೆ?"

"ನಾನು ನನ್ನ ಕೆಲಸ ಮಾಡ್ತಿದ್ದೆ!"

"ಯಾರ ಕೆಲಸ? ಸ್ಮಶಾನದವರದ್ದಾ?"

ಅವನ ಮಾತು ಒರಟಾಗಿತ್ತು. ಆದರೆ ಕೈಗಳು... ಎರಡೂ ಕೈಗಳು ಗಡಗಡ ನಡುಗುತ್ತಿದ್ದವು! ಅದು ನೆಲಿದಾಳ ಕಣ್ಣಿಗೆ ಬಿತ್ತು. ಕಂಡದ್ದನ್ನೆಲ್ಲ ಬರೆದಿಡುವುದೇ ಅವಳ ಕೆಲಸವಾಗಿತ್ತು.

ಬ್ಯೂನಸ್ ಐರಿಸ್‌ನ ನೆಲದಡಿ, ರೈಲು ನಿಲ್ಲುವುದನ್ನೇ ಬಿಟ್ಟಿದ್ದ ಹಳೆಯ ನಿಲ್ದಾಣವೊಂದರಲ್ಲಿ ಚಿತ್ರೀಕರಣ ನಡೆದಿತ್ತು. ಮೇಲೆ ಉಸಿರಾಡಲು ಗಾಳಿಯೇ ಉಳಿಯದ ಕಾಲ, ಸುರಂಗಗಳಲ್ಲಿ ಬದುಕುವ ಜನ, ಅವರನ್ನು ಬೇಟೆಯಾಡುವ ಚಾಲಕನಿಲ್ಲದ ರೈಲು... ಇದು ಸಿನಿಮಾದ ಕಥೆ. ಆ ರೈಲು ಓಡಿಸಲು ರೈಲು ಕಚೇರಿ ತನ್ನ ಚಾಲಕನೊಬ್ಬನನ್ನು ಕಳಿಸಿತ್ತು. ಯಾವ ಶಾಟಿನಲ್ಲಿ ಯಾರ ಗುಂಡಿ ಬಿಚ್ಚಿತ್ತು, ರೈಲು ಎಲ್ಲಿ ನಿಂತಿತು ಎಂದು ಪುಸ್ತಕದಲ್ಲಿ ಗುರುತು ಹಾಕುವವಳು ನೆಲಿದಾ. ಎಲ್ಲರನ್ನೂ ನೋಡುತ್ತಿದ್ದವಳು ಅವಳು. ಅವಳನ್ನು ನೋಡುವವರು ಯಾರೂ ಇರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಬೊಯೆದೊ ಬಡಾವಣೆಯ ಎರಡು ಕೋಣೆಗಳ ಮನೆಯಲ್ಲಿ ರೇಡಿಯೋ ಮಾತ್ರ ಮಾತಾಡುತ್ತಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಚಾಲಕ ‘ಮಾತೆ’ ಎಂಬ ಎಲೆಯ ಕಷಾಯ ತುಂಬಿದ, ಹೀರುಗೊಳವೆಯಿಟ್ಟ ಸೋರೆಬುರುಡೆ ಹಿಡಿದು ಅವಳ ಬೆಂಚಿಗೇ ಬಂದ.

"ಕುಡೀರಿ. ಕೂಗಾಡಿದ್ದು ತಪ್ಪಾಯ್ತು. ನಾನು ಎವರಿಸ್ತೋ."

ಅವಳು ಕೊಳವೆಗೆ ತುಟಿಯಿಟ್ಟಳು. "ಅಬ್ಬಾ, ಕಹಿ!"

"ಸಕ್ಕರೆ ಹಾಕೋರ ಜೊತೆ ನಾನು ಮಾತಾಡಲ್ಲ."

"ಹಾಗಿದ್ರೆ ನೀವು ಯಾರ ಜೊತೆ ಮಾತಾಡ್ತೀರಿ?"

"ಯಾರ ಜೊತೆಗೂ ಇಲ್ಲ," ಎಂದ.

ಎರಡು ವರ್ಷದ ಹಿಂದೆ ಒಬ್ಬ ಹೆಂಗಸು ಅವನ ರೈಲಿನ ಮುಂದೆ ಹಾರಿದ್ದಳು. "ಹಾರೋ ಮುಂಚೆ ನನ್ನನ್ನೇ ನೋಡಿದಳು. ಅವತ್ತಿಂದ... ಕತ್ತಲೇಲಿ ಯಾರಾದ್ರೂ ಕಂಡ್ರೆ ಕೈ ನಡುಗುತ್ತೆ," ಎಂದ.

ನೆಲಿದಾ ಬರಿದಾದ ಬುರುಡೆಯನ್ನು ಚಾಚಿದಳು. "ಇನ್ನೊಂದು ಹಾಕಿ ಕೊಡಿ. ಕಹಿ ಇದ್ರೂ ಪರವಾಗಿಲ್ಲ."

ಹದಿನೆಂಟು ದಿನ ಆ ಬೆಂಚು ಅವರದಾಯಿತು.

ಆಮೇಲೆ ಬಂತು ಆ ದೃಶ್ಯ. ನಾಯಕಿ ಪಿಲಾರ್ ಹಳಿಯ ಮೇಲೆ ಓಡಬೇಕು, ಹಿಂದಿನಿಂದ ರೈಲು ಬಂದು ಸೀಮೆಸುಣ್ಣದ ಗೆರೆಗೆ ಸರಿಯಾಗಿ ನಿಲ್ಲಬೇಕು. ಆದರೆ ಪ್ರತಿ ಸಲವೂ ಎವರಿಸ್ತೋ ಗೆರೆಗಿಂತ ಎರಡು ಮೀಟರ್ ಹಿಂದೆಯೇ ನಿಲ್ಲಿಸಿದ.

"ಏನ್ ಗುರೂ, ಕನ್ನಡಕ ಬೇಕಾ?" ನಿರ್ದೇಶಕ ಲಿಸಾಂದ್ರೋ ಕಿರುಚಿದ. "ರೈಲು ಅವಳ ಬೆನ್ನಿಗೆ ಉಸಿರು ಬಿಡಬೇಕು!"

"ಬೆನ್ನು ಉಳಿದ್ರೆ ತಾನೇ ಸ್ವಾಮಿ!"

ನೆಲಿದಾ ಎಂದಿನಂತೆ ಬರೆದಳು: 'ಮೂರನೇ ಸಲ, ಎರಡು ಮೀಟರ್ ಹಿಂದೆ. ನಾಲ್ಕನೇ ಸಲ, ಎರಡು ಮೀಟರ್ ಹಿಂದೆ...'

ಮರುದಿನ ರೈಲಿನಲ್ಲಿ ಬೇರೆ ಚಾಲಕನಿದ್ದ!

ಎವರಿಸ್ತೋ ತನ್ನ ಚೀಲ ಒಯ್ಯಲು ಬಂದಿದ್ದ. ಅವಳನ್ನು ಕಂಡು ನಿಂತ. ಕೈಯಲ್ಲೊಂದು ಕಾಗದವಿತ್ತು.

"ಬೇಕಂತಲೇ ಕೆಲಸ ಕೆಡಿಸ್ತಾನೆ ಅಂತ ರೈಲು ಕಚೇರಿಗೆ ದೂರು ಕೊಟ್ಟಿದ್ದಾರೆ. ಅಮಾನತು. ಸಾಕ್ಷಿಗೆ ನಿಮ್ಮ ಅಕ್ಷರ. ಚೆನ್ನಾಗಿದೆ... ದುಂಡಗೆ."

"ಎವರಿಸ್ತೋ, ನಾನು..."

"ಹದಿನೆಂಟು ದಿನ ಪಕ್ಕದಲ್ಲಿ ಕೂತು ನನ್ನ ಲೆಕ್ಕ ಬರೀತಿದ್ರಾ?"

ಅವನು ಮೆಟ್ಟಿಲು ಹತ್ತಿ ಹೋಗಿಬಿಟ್ಟ. ಅಯ್ಯೋ... ಬರೆದದ್ದು ನಾನೇ ಅಲ್ಲವೇ? ನೆಲಿದಾ ಮನೆಗೆ ಹೋಗಿ ಪುಸ್ತಕವನ್ನು ಮೊದಲಿನಿಂದ ಓದಿದಳು. ಏಳನೇ ಸಲದ ಪುಟದಲ್ಲಿ ಬೆರಳು ನಿಂತಿತು. 'ಪಿಲಾರ್ ಮುಗ್ಗರಿಸಿ ಬಿದ್ದಳು. ಕಾಲು ಗೆರೆಗಿಂತ ಒಂದು ಮೀಟರ್ ಹಿಂದಿತ್ತು. ರೈಲು ಎರಡು ಮೀಟರ್ ಹಿಂದೆ ನಿಂತಿತು.'

ಗೆರೆಗೇ ನಿಲ್ಲಿಸಿದ್ದರೆ ಆ ಹುಡುಗಿಯ ಕಾಲು ಗಾಲಿಯ ಕೆಳಗೆ! ಲಿಸಾಂದ್ರೋ ಆ ಪುಟವೊಂದನ್ನು ಬಿಟ್ಟು ಉಳಿದವುಗಳ ನಕಲನ್ನು ಮಾತ್ರ ದೂರಿನ ಜೊತೆ ಕಳಿಸಿರಬೇಕು.

ವಿಚಾರಣೆಯ ದಿನ ಯಾರೂ ಕರೆಯದಿದ್ದರೂ ಅವಳು ಆ ಪುಟ ಹಿಡಿದು ರೈಲು ಕಚೇರಿಗೆ ಹೋದಳು. ಹಿರಿಯ ಅಧಿಕಾರಿ ಪುಟ ಓದಿ ಕನ್ನಡಕ ತೆಗೆದ.

"ಇದನ್ನ ಕೊಟ್ರೆ ಇನ್ನು ಯಾರೂ ನಿಮಗೆ ಸಿನಿಮಾದಲ್ಲಿ ಕೆಲಸ ಕೊಡಲ್ಲಮ್ಮ. ಯೋಚನೆ ಮಾಡಿ."

"ಮಾಡಿದೀನಿ ಸಾರ್. ಅವರು ತಪ್ಪು ಮಾಡಿಲ್ಲ. ಬರ್ಕೊಳ್ಳಿ."

ಎವರಿಸ್ತೋ ಹೊರಗೆ ಸರದಿಯಲ್ಲಿ ಕಾದಿದ್ದನೇನೋ. ಅವನ ಮುಖ ನೋಡುವ ಧೈರ್ಯ ಸಾಲದೆ ಅವಳು ಹಿಂಬಾಗಿಲಿನಿಂದ ಹೊರಟುಹೋದಳು.

ಅವನಿಗೆ ಕೆಲಸ ಮರಳಿತು. ಅವಳದು ಹೋಯಿತು. ಒಂದು ಹೊಲಿಗೆ ಅಂಗಡಿಯಲ್ಲಿ ಗುಂಡಿ, ದಾರ ಮಾರುತ್ತ ಹದಿಮೂರು ತಿಂಗಳು ಕಳೆದಳು. ಭಾನುವಾರಗಳಂದು ಒಬ್ಬಳೇ ರೈಲು ಹತ್ತಿ ಕೊನೆಯವರೆಗೂ ಹೋಗಿ ಬರುತ್ತಿದ್ದಳು. ಚಾಲಕನ ಮುಖ ಪ್ರಯಾಣಿಕರಿಗೆ ಕಾಣುವುದಿಲ್ಲ. ಅದು ಗೊತ್ತಿದ್ದೂ ಹೋಗುತ್ತಿದ್ದಳು...

ಕೊನೆಗೂ ಸಿನಿಮಾ ಬಿಡುಗಡೆಯಾಯಿತು. ಮೂರನೆಯ ದಿನ ಮಧ್ಯಾಹ್ನದ ಆಟಕ್ಕೆ ನೆಲಿದಾ ಹೋದಳು. ಚಿತ್ರಮಂದಿರದಲ್ಲಿ ಏಳೆಂಟು ಜನ. ಕತೆ ಮುಗಿದು ಹೆಸರುಗಳು ಉರುಳತೊಡಗಿದಾಗ ಎಲ್ಲರೂ ಎದ್ದರು, ಮುಂದಿನ ಸಾಲಿನ ಒಬ್ಬ ಗಂಡಸನ್ನು ಬಿಟ್ಟು. ಅವನು ಪರದೆಗೆ ಬೆರಳು ತೋರಿಸುತ್ತ ಒಂದೊಂದೇ ಹೆಸರು ಓದುತ್ತಿದ್ದ. ದೀಪ ಹತ್ತಿತು.

ಎವರಿಸ್ತೋ!

ಅವನು ತಿರುಗಿ ನೋಡಿದ. ಪರದೆಯತ್ತ ಕೈ ತೋರಿಸಿದ.

"ನಿಮ್ಮ ಹೆಸರೇ ಇಲ್ವಲ್ಲ..." ಎಂದ.

"ತೆಗೆದುಬಿಟ್ರು."

"ಮೂರು ದಿನದಿಂದ ಬರ್ತಿದೀನಿ. ನನ್ನ ಕಣ್ಣು ತಪ್ತಿದೆಯೇನೋ ಅಂದ್ಕೊಂಡೆ." ಅವನು ಸೀಟಿನ ಬೆನ್ನಿಗೆ ಕೈಯೂರಿದ. "ತೀರ್ಪಿನ ಕಾಗದದಲ್ಲಿ ನಿಮ್ಮ ಹೇಳಿಕೆ ಓದಿದೆ. ಸಿನಿಮಾದವರನ್ನ ಕೇಳಿದ್ರೆ ವಿಳಾಸ ಕೊಡಲಿಲ್ಲ. ಅವತ್ತು ಹಾಗೆಲ್ಲ ಮಾತಾಡಿದ ಬಾಯಿಗೆ ಏನು ಮಾಡಲಿ, ನೆಲಿದಾ?"

ನೆಲಿದಾ ಅಳುತ್ತಲೇ ನಕ್ಕಳು. "ಮಾತು ನಿಲ್ಲಿಸಬೇಡಿ, ಅಷ್ಟೇ. ಒಂದು ವರ್ಷದಿಂದ ನನ್ನ ಹತ್ರ ಯಾರೂ ಮಾತಾಡಿಲ್ಲ... ಗುಂಡಿ ಎಷ್ಟು ಅಂತ ಕೇಳಿದ್ದು ಬಿಟ್ಟರೆ."

ಅವನು ಸಾಲು ದಾಟಿ ಬಂದು ಅವಳ ಪಕ್ಕದಲ್ಲಿ ಕುಳಿತ. ಕಸ ಗುಡಿಸುವ ಹೆಂಗಸು ಬಾಗಿಲಲ್ಲಿ ನಿಂತು, "ಮುಂದಿನ ಆಟಕ್ಕೆ ಬೇರೆ ಟಿಕೆಟ್ ಕಣ್ರಪ್ಪಾ!" ಎಂದಳು. ಇಬ್ಬರೂ ಏಳಲಿಲ್ಲ.

"ಇವತ್ತು ನನಗೆ ರಜ," ಎಂದ ಎವರಿಸ್ತೋ.

"ನಾಳೆ?"

"ನಾಳೆ ಬೆಳಗಿನ ಪಾಳಿ. ಎರಡು ಗಂಟೆಗೆ ಮುಗಿಯುತ್ತೆ."

"ಆಮೇಲೆ?"

ಅವನು ಅವಳ ಕೈ ಹಿಡಿದುಕೊಂಡ.

"ಆಮೇಲೆ... ನೀನು ಎಲ್ಲಿಗೆ ಕರೆದರೆ ಅಲ್ಲಿಗೆ."