ಅಂತಿವಿಲ್‌ನ ಮಾತು ಹೊತ್ತವನು

"ಒಂದಕ್ಷರ ಸೇರಿಸ್ಬೇಡ, ಒಂದಕ್ಷರ ಬಿಡ್ಬೇಡ," ಎಂದ ಅಂತಿವಿಲ್. ಕಣಿವೆಯ ಮುಖಂಡನಾದ ಅವನು ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡು, ಒಲೆಯ ಪಕ್ಕ ಕುರಿದೊಗಲಿನ ಮೇಲೆ ಮಲಗಿದ್ದ.

ಬಿಯೊಬಿಯೊ ನದಿಯಾಚೆ ಸ್ಪೇನ್ ದೊರೆಯ ಗವರ್ನರ್ ಈ ನೆಲದ ಮಪುಚೆ ಜನರ ಮುಖಂಡರನ್ನೆಲ್ಲ ಒಪ್ಪಂದದ ಸಭೆಗೆ ಕರೆದಿದ್ದ. ಕಣಿವೆಯ ಪೆಹುಯೆನ್ ತೋಪನ್ನು ಕಡಿದು ಅಲ್ಲೊಂದು ಕೋಟೆ ಕಟ್ಟುವುದು ಅವನ ಆಸೆ. ಸಭೆಗೆ ಬಾರದವರೆಲ್ಲ ಒಪ್ಪಿದಂತೆ ಎಂದು ಬೇರೆ ಸಾರಿಸಿದ್ದ. ಆ ಮರಗಳ ಬೀಜ ಇಲ್ಲದಿದ್ದರೆ ಚಳಿಗಾಲದಲ್ಲಿ ಕಣಿವೆಯ ಮಕ್ಕಳಿಗೆ ಬೇಯಿಸಿ ಹಾಕಲು ಏನೂ ಇರುವುದಿಲ್ಲ. ಅಂತಿವಿಲ್‌ನ ಮಾತು ಸಭೆಗೆ ಹೋಗಲೇಬೇಕಿತ್ತು. ಅದನ್ನು ಹೊತ್ತವನು ಅವನ ಅಳಿಯ, ದೂತ ಪಾಯ್ಲಾಲೆಫ್.

ದೂತನೆಂದರೆ ಸುದ್ದಿ ಮುಟ್ಟಿಸುವ ಆಳಲ್ಲ. ಕಳಿಸಿದವನ ದನಿ, ಕೆಮ್ಮು, ಸಿಟ್ಟು, ನಗು ಎಲ್ಲವೂ ಅವನ ಮೈಯಲ್ಲಿರುತ್ತವೆ. ಕೇಳಬೇಕಾದವನ ಎದುರು ನಿಂತ ಮೇಲೆ, ಅದನ್ನು ಪೂರ್ತಿ ಒಪ್ಪಿಸುವವರೆಗೆ ಅವನು ಸ್ವಂತದ್ದೊಂದು ಮಾತೂ ಆಡುವಂತಿಲ್ಲ, ಅವನನ್ನು ಯಾರೂ ಏನೂ ಕೇಳುವಂತಿಲ್ಲ.

ಜೊತೆಗೆ ಹೊರಟವರು ಇಬ್ಬರು: ಹೆಂಡತಿ ಕಿಂತುರಾಯ್ ಮತ್ತು ಅವಳ ತಮ್ಮ ನಾವೆಲ್‌ಪಾನ್. ನಾವೆಲ್‌ಪಾನ್ ಅಂತಿವಿಲ್‌ಗಿದ್ದ ಒಬ್ಬನೇ ಮಗ. ಬಾಯಿಗೆ ಬೀಗವಿಲ್ಲದ ಹುಡುಗಾಟದ ಆಸಾಮಿ.

"ಭಾವ, ಅಪ್ಪನ ಥರ ಕೆಮ್ಮೋದು ಕಲ್ತೆ ಸರಿ. ಅಪ್ಪನ ಥರ ಗೊರಕೇನೂ ಹೊಡೀತೀಯಾ? ಅಕ್ಕ ಪಾಪ!"

"ನಿನ್ನ ಗೊರಕೆಗೆ ಕುದುರೆಗಳೇ ಹಗ್ಗ ಕಿತ್ಕೊಂಡು ಹೋದ್ವು. ಸುಮ್ನೆ ನಡಿ," ಎಂದಳು ಕಿಂತುರಾಯ್.

ಹಿಮ ಕರಗುವ ಕಾಲ. ಕಣಿವೆಯ ಬಾಯಲ್ಲಿ ಸಾಲುಸಾಲು ಪೆಹುಯೆನ್ ಮರಗಳು ಕೊಡೆ ಬಿಚ್ಚಿ ನಿಂತಿದ್ದವು. ಅವುಗಳ ಮೇಲೆ ಜ್ವಾಲಾಮುಖಿಯ ಬಿಳಿ ನೆತ್ತಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಕೆಳಗೆ ಬಂಡೆಗಳ ಸಂದಿಯಲ್ಲಿ ಎಲ್ಲಿ ನೋಡಿದರೂ ನೀರು, ಹೆಜ್ಜೆಯಿಟ್ಟಲ್ಲೆಲ್ಲ ಜಾರಿಕೆ. ಮೂವರೂ ಹುರಿಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಕುಡಿಯುತ್ತ, ಕುದುರೆಗಳನ್ನು ಹಿಡಿದುಕೊಂಡು ಇಳಿದರು.

ಬಿಯೊಬಿಯೊ ಕೆಂಪಗೆ ಉಬ್ಬಿತ್ತು. ಹಾಯುವ ಜಾಗವೇ ಕಾಣಲಿಲ್ಲ.

"ನೀರು ಇಳಿಯೋವರೆಗೂ ಕಾಯೋಣ," ಎಂದ ಪಾಯ್ಲಾಲೆಫ್.

"ಕಾದ್ರೆ ವಿಂಕ ಸಭೆ ಮುಗಿಸಿ ಕೋಟೆಗೆ ಗೂಟ ಹೊಡೀತಾನೆ," ಎಂದ ನಾವೆಲ್‌ಪಾನ್. ನಮ್ಮ ಕಡೆ ಬಿಳಿಯರನ್ನು ವಿಂಕ ಅನ್ನುತ್ತಾರೆ. ಅವನ ಮಾತು ಸರಿಯಾಗಿತ್ತು.

ಕಾಡುಬಿದಿರು ಕಡಿದು, ಬಳ್ಳಿಯಿಂದ ಬಿಗಿದು ತೆಪ್ಪ ಕಟ್ಟಿದರು. ಕುದುರೆಗಳನ್ನು ಈಜಲು ಬಿಟ್ಟರು.

ನಡುಹೊಳೆಯಲ್ಲಿ ಮರದ ದಿಮ್ಮಿಯೊಂದು ಬಂದು ಅಪ್ಪಳಿಸಿತು. ಬಳ್ಳಿ ಕಿತ್ತುಹೋಯಿತು. ಮೂವರೂ ನೀರಿಗೆ ಬಿದ್ದರು.

ಕಿಂತುರಾಯ್ ಕುದುರೆಯ ಬಾಲ ಹಿಡಿದಳು. ಪಾಯ್ಲಾಲೆಫ್ ಮುಳುಗಿದ. ನಾವೆಲ್‌ಪಾನ್ ಅವನ ಜಡೆ ಹಿಡಿದೆಳೆದು, ಮತ್ತೊಂದು ಕುದುರೆಯ ಕಡೆ ನೂಕಿದ.

"ಬಾಯಿ ಮುಚ್ಕೋ ಭಾವ! ಅಪ್ಪನ ಮಾತು ನೆನೀತದೆ!"

ನಕ್ಕನೋ, ನೀರು ಕುಡಿದನೋ, ತಿಳಿಯಲಿಲ್ಲ. ಪ್ರವಾಹ ಅವನನ್ನು ಬಂಡೆಯ ತಿರುವಿಗೆ ಎಳೆದುಕೊಂಡು ಹೋಯಿತು.

ದಡ ಮುಟ್ಟಿದ ಪಾಯ್ಲಾಲೆಫ್ ಮತ್ತೆ ನೀರಿಗೆ ಹಾರಲು ಓಡಿದ. ಕಿಂತುರಾಯ್ ಅವನ ಸೊಂಟ ತಬ್ಬಿ ಕೆಡವಿದಳು.

"ಬಿಡೇ! ನಿನ್ನ ತಮ್ಮ ಕಣೇ ಅವ್ನು!"

"ನಂಗೊತ್ತಿಲ್ವಾ? ನಿನ್ ಜೀವ ಈಗ ನಿಂದಲ್ಲ. ಅಪ್ಪನ ಮಾತನ್ನೂ ಹೊಳೆಗೆ ಹಾಕ್ತೀಯಾ?"

ಇಬ್ಬರೂ ದಡದುದ್ದಕ್ಕೂ ಕೂಗುತ್ತ ಹುಡುಕಿದರು. ಸಿಕ್ಕಿದ್ದು ಅವನ ಹೊದಿಕೆ ಮಾತ್ರ. ಕಿಂತುರಾಯ್ ಅದನ್ನು ಹಿಂಡಿ ಜೀನಿಗೆ ಕಟ್ಟಿ ಕುದುರೆ ಹತ್ತಿದಳು. ಆ ಧೈರ್ಯಕ್ಕೆ ಏನು ಹೆಸರಿಡಬೇಕೋ ಗೊತ್ತಿಲ್ಲ.

ಅವರು ಮುಟ್ಟಿದಾಗ ಸಭೆ ಮುಗಿಯುವುದರಲ್ಲಿತ್ತು. ಪಾಯ್ಲಾಲೆಫ್ ಒದ್ದೆ ಬಟ್ಟೆಯಲ್ಲೇ ನಡುವೆ ಹೋಗಿ ನಿಂತು, ಅಂತಿವಿಲ್‌ನಂತೆ ಕೆಮ್ಮಿದ.

"ನಿಮ್ಮ ದೊರೇನ ನಾನು ಕಂಡಿಲ್ಲ. ಅವನ ಮಾತನ್ನ ನನ್ನ ತಾತ ಕೇಳಿದ್ದ. ಹೊಳೆಯಾಚೆ ನೀವು, ಈಚೆ ನಾವು ಅಂತ. ಆ ಮಾತು ಕೊಟ್ಟವನು ಸತ್ತಿರಬಹುದು. ಮಾತೂ ಸತ್ತಿದ್ರೆ ಹೇಳಿ, ಈಟಿ ಎತ್ತಲ್ಲ ಅಂದ ನನ್ನ ಮಾತನ್ನ ನಾನೂ ಮಣ್ಣು ಮಾಡ್ತೀನಿ."

ದುಭಾಷಿ ತಿಳಿಸಿ ಮುಗಿಸುವಷ್ಟರಲ್ಲಿ ಮುಖಂಡರು ಎದ್ದು ನಿಂತಿದ್ದರು. ಈಟಿಗಳ ಬುಡ ನೆಲಕ್ಕೆ ಬಡಿಯತೊಡಗಿತು. ಗವರ್ನರನಿಗೆ ಆ ವರ್ಷ ಯುದ್ಧ ಬೇಕಿರಲಿಲ್ಲ. ಕರವಸ್ತ್ರದಿಂದ ಮೂಗೊರೆಸಿ ನಕ್ಕು, ಉತ್ತರ ಹೇಳಿದ. ಪಾಯ್ಲಾಲೆಫ್ ಅದನ್ನೂ ಹೊತ್ತುಕೊಂಡ.

ಹಿಂದಿರುಗುವಾಗ ನೀರು ಇಳಿದಿತ್ತು.

ಅಂತಿವಿಲ್ ಕೋಲೂರಿ ಬಾಗಿಲಿಗೆ ಬಂದು ನಿಂತಿದ್ದ. ಬಂದವರನ್ನು ನೋಡಿದ. ಅವರ ಹಿಂದಿನ ಖಾಲಿ ದಾರಿಯನ್ನು ನೋಡಿದ. ತುಟಿ ಅಲುಗಿತು, ಆದರೆ ದೂತನನ್ನು ಅವನು ಏನನ್ನೂ ಕೇಳಲಿಲ್ಲ. ಒಲೆಯ ಬಳಿ ಕೂತು, ಒಪ್ಪಿಸು ಎಂಬಂತೆ ತಲೆಯಾಡಿಸಿದ.

ಪಾಯ್ಲಾಲೆಫ್ ಗವರ್ನರನಂತೆ ಮೂಗೊರೆಸಿಕೊಂಡ. ಗವರ್ನರನಂತೆ ನಕ್ಕ. ನಗಲೇಬೇಕಿತ್ತು.

"ದೊರೆಯ ಮಾತು ಸತ್ತಿಲ್ಲ. ನಿನ್ನ ತೋಪಿನಲ್ಲಿ ಕೋಟೆ ಕಟ್ಟುವುದಿಲ್ಲ, ಮುಂದಿನ ಸಭೆಯವರೆಗೂ. ಆ ಸಭೆಗೆ ನಿನ್ನ ಮಗನನ್ನು ಕಳಿಸು, ಮುದುಕ. ಚಿಕ್ಕವನಿದ್ದಾಗ ನನ್ನ ಟೋಪಿ ಕದ್ದು ಓಡಿದ್ದ. ಎಷ್ಟು ಎತ್ತರ ಬೆಳೆದಿದ್ದಾನೆ, ನೋಡೋಣ."

ಹೇಳಿ ಮುಗಿಸುವ ಹೊತ್ತಿಗೆ ಅವನ ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತಿತ್ತು.

"ಅವನ ಮಾತು ಮುಗೀತಾ?" ಎಂದ ಅಂತಿವಿಲ್.

"ಮುಗೀತು ಮಾವ."

"ಈಗ ನಿನ್ನ ಮಾತು ಹೇಳು."

ಒಂದಕ್ಷರ ತಪ್ಪದ ಆ ನಾಲಗೆ ಅಲ್ಲಾಡಲಿಲ್ಲ. ಕಿಂತುರಾಯ್ ಅಪ್ಪನ ಮುಂದೆ ಕೂತು, ಹೊದಿಕೆಯನ್ನು ಅವನ ತೊಡೆಯ ಮೇಲಿಟ್ಟಳು.

ಮುದುಕ ಬಹಳ ಹೊತ್ತು ಅದರ ಅಂಚು ಸವರುತ್ತಿದ್ದ.

"ತೋಪು ಉಳೀತು," ಎಂದ ಕೊನೆಗೆ. "ಊರಿಗೆ ಹೇಳಿ. ಈ ವರ್ಷ ಮಕ್ಕಳು ಹಸಿವಿಂದ ಸಾಯಲ್ಲ."

ಆಮೇಲೆ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಅತ್ತ.